‘ಅಂತೆ’ಯ ಮೇಲೆ ಕಟ್ಟಿದ ಬಂಗಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪುಸ್ತಕದ ಸುತ್ತ ಇವೆ. ಅದು ಡ್ಯಾಫ್ನಿ ಡು ಮೊರಿಯೆ ಬರೆದು 1938ರಲ್ಲಿ ಪ್ರಕಟವಾದ ‘ರೆಬೆಕ್ಕಾ’. ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಶ್ರೀಮಂತ ಹೆಂಗಸೊಬ್ಬಳಿಗೆ ಜೊತೆಗಾತಿಯಾಗಿ ಸಂಬಳಕ್ಕಿದ್ದ ಬಡ ಹುಡುಗಿಯನ್ನು ಮಾಂಟೆ ಕಾರ್ಲೊದಲ್ಲಿ ವಿಧುರ ಮ್ಯಾಕ್ಸಿಮ್ ಡಿ ವಿಂಟರ್ ಮದುವೆಯಾಗುತ್ತಾನೆ. ಇಂಗ್ಲೆಂಡಿನ ಕಡಲತೀರದಲ್ಲಿರುವ ತನ್ನ ‘ಮ್ಯಾಂಡರ್ಲಿ’ ಬಂಗಲೆಗೆ ಕರೆತರುತ್ತಾನೆ. ಅಲ್ಲಿ ದೋಣಿ ಮುಳುಗಿ ಸತ್ತಳೆಂದು ಎಲ್ಲರೂ ನಂಬಿರುವ ಮೊದಲ ಹೆಂಡತಿ ರೆಬೆಕ್ಕಾಳ ನೆನಪೇ ಮನೆಯೊಡತಿ. ಆ ನೆನಪನ್ನು ಕಾಯುವವಳು ಮನೆಯ ಉಸ್ತುವಾರಿ ಮಿಸೆಸ್ ಡ್ಯಾನ್ವರ್ಸ್. ಪ್ರಶ್ನೆಗಳೆಲ್ಲ ಕೊನೆಯ ಗುಟ್ಟಿನ ಬಗ್ಗೆಯೇ ಇರುವುದರಿಂದ ಉತ್ತರದಲ್ಲಿ ಅದನ್ನು ಬಿಡಿಸಲೇಬೇಕಾಗಿದೆ. ಪುಸ್ತಕ ಓದಬೇಕೆಂದಿರುವವರು ಈ ಪುಟವನ್ನು ಎತ್ತಿಟ್ಟು, ಓದಿ ಮುಗಿಸಿದ ಮೇಲೆ ತೆರೆಯಿರಿ.

ಮೊದಲ ನೂರೈವತ್ತು ಪುಟ ತಿಂಡಿ, ಚಹಾ, ಹೂವಿನ ಕುಂಡ, ಆಳುಗಳ ಮುಖ ಇಷ್ಟರಲ್ಲೇ ಕಳೆಯಿತು. ಹಡಗು ಬಂಡೆಗೆ ಸಿಕ್ಕಿಕೊಂಡ ಮೇಲೆ ಮಾತ್ರ ಪುಸ್ತಕ ಕೆಳಗಿಡಲಾಗಲಿಲ್ಲ. ಆದರೆ ಮುಗಿಸಿದಾಗ ಸಿಟ್ಟು ಬಂತು. ಮ್ಯಾಕ್ಸಿಮ್ ರೆಬೆಕ್ಕಾಳನ್ನು ಪ್ರೀತಿಸಿರಲೇ ಇಲ್ಲ, ಅವನೇ ಅವಳನ್ನು ಕೊಂದದ್ದು ಎಂಬುದನ್ನು 20ನೇ ಅಧ್ಯಾಯದವರೆಗೆ ಬಚ್ಚಿಟ್ಟದ್ದು ಓದುಗರ ಕಣ್ಣಿಗೆ ಮಣ್ಣೆರಚಿದಂತಲ್ಲವೇ?
*– ಒಬ್ಬ ಓದುಗರು, ಧಾರವಾಡ*

ಬಚ್ಚಿಟ್ಟಿಲ್ಲ. ನಿಮ್ಮ ಸಿಟ್ಟು ನಮಗೆ ಅರ್ಥವಾಗುತ್ತದೆ, ಮೊದಲ ಓದಿಗೆ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಆದರೂ ಖಚಿತವಾಗಿ ಹೇಳುತ್ತೇವೆ: ಈ ಕಾದಂಬರಿಯಲ್ಲಿ ಸಂಗತಿಗಳೆಲ್ಲ ನಿಮ್ಮ ಕಣ್ಣೆದುರೇ ಇದ್ದವು. ಅವುಗಳಿಗೆ ನಾಯಕಿ ಕೊಟ್ಟ ಅರ್ಥವಷ್ಟೇ ತಪ್ಪು. ಆ ಅರ್ಥವನ್ನು ನೀವೂ ನಾವೂ ಅವಳ ಬಾಯಿಂದ ಕೇಳಿ ಹಾಗೇ ಒಪ್ಪಿಕೊಂಡೆವು.

9, 11 ಮತ್ತು 13ನೇ ಅಧ್ಯಾಯಗಳನ್ನು ಮತ್ತೊಮ್ಮೆ ತೆರೆಯಿರಿ. ಒಂಬತ್ತರಲ್ಲಿ ಮ್ಯಾಕ್ಸಿಮನ ಅಕ್ಕ ಬಿಯಾಟ್ರಿಸ್ ಹೊಸ ನಾದಿನಿಗೆ ‘ನೀನು ರೆಬೆಕ್ಕಾಳಂತಲ್ಲವೇ ಅಲ್ಲ’ ಎಂಬರ್ಥದ ಮಾತಾಡಿ ಹೊರಡುತ್ತಾಳೆ. ನಾಯಕಿಗೆ ಅದು ಕೀಳರಿಮೆಯ ಮುಳ್ಳಾಗಿ ನೆಡುತ್ತದೆ. ಎರಡನೇ ಓದಿಗೆ ಅದೇ ಮಾತು ಸಮಾಧಾನದ ನಿಟ್ಟುಸಿರಿನಂತೆ ಕೇಳಿಸುತ್ತದೆ. ಹನ್ನೊಂದರಲ್ಲಿ ಎಸ್ಟೇಟಿನ ವ್ಯವಹಾರ ನೋಡಿಕೊಳ್ಳುವ ಫ್ರ್ಯಾಂಕ್ ಕ್ರಾಲಿ, ಸಂಸಾರಕ್ಕೆ ರೂಪ, ಚಾತುರ್ಯಗಳಿಗಿಂತ ಒಳ್ಳೆಯತನ, ಪ್ರಾಮಾಣಿಕತೆ, ವಿನಯ ದೊಡ್ಡವು ಎನ್ನುತ್ತಾನೆ. ಆಮೇಲೆ ಅವಳೇ ಒತ್ತಾಯಿಸಿ ಕೇಳಿದಾಗ ರೆಬೆಕ್ಕಾ ಬಹಳ ಸುಂದರಿಯಾಗಿದ್ದಳು ಎಂದಷ್ಟೇ ಒಪ್ಪುತ್ತಾನೆ. ಒಳ್ಳೆಯವಳು ಎನ್ನುವುದಿಲ್ಲ. ಅವನು ಹೇಳಿದ್ದನ್ನಲ್ಲ, ಹೇಳದೆ ಬಿಟ್ಟದ್ದನ್ನು ಓದಬೇಕು. ಅದೇ ಅಧ್ಯಾಯದಲ್ಲಿ ಇನ್ನೂ ದೊಡ್ಡ ಸಂಗತಿಯೊಂದಿದೆ. ರೆಬೆಕ್ಕಾಳದ್ದು ಎನ್ನಲಾದ ಹೆಣ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸುಮಾರು 40 ಮೈಲಿ ಆಚೆ. ಅದನ್ನು ಗುರುತಿಸಿದ್ದು ಮ್ಯಾಕ್ಸಿಮ್ ಒಬ್ಬನೇ ಹೋಗಿ. ಪತ್ತೇದಾರಿ ಕಾದಂಬರಿಯಾಗಿದ್ದರೆ ಈ ಒಂದು ಸಾಲಿಗೆ ಎದ್ದು ಕೂರುತ್ತಿದ್ದಿರಿ. ಇಲ್ಲಿ ಫ್ರ್ಯಾಂಕ್ ಅದನ್ನು ಹೇಳುತ್ತಿರುವಾಗ ನಾವು ನಾಯಕಿಯ ಮುಖ ನೋಡುತ್ತೇವೆಯೇ ಹೊರತು ಆ ಲೆಕ್ಕವನ್ನಲ್ಲ.

ಹದಿಮೂರರಲ್ಲಿ ಸಮುದ್ರದ ದಂಡೆಯ ಬುದ್ಧಿಮಾಂದ್ಯ ಬೆನ್ ಸಿಗುತ್ತಾನೆ. ಆ ಇನ್ನೊಬ್ಬಳನ್ನು ಕಂಡರೆ ಹಾವು ಕಂಡಂತಾಗುತ್ತಿತ್ತು ಎಂದು ಅವನು ನೇರವಾಗಿಯೇ ಹೇಳುತ್ತಾನೆ. ಇಡೀ ಪುಸ್ತಕದ ಮೊದಲರ್ಧದಲ್ಲಿ ರೆಬೆಕ್ಕಾಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುವವನು ಅವನೊಬ್ಬನೇ. ತಲೆ ಸರಿಯಿಲ್ಲದವನು ಎಂದು ನಾವು ಅವನ ಮಾತನ್ನು ಪಕ್ಕಕ್ಕಿಡುತ್ತೇವೆ. ಲೇಖಕಿ ನಿಜವನ್ನು ಅಡಗಿಸಿದ್ದು ಯಾರೂ ನಂಬದ ಬಾಯಲ್ಲಿ.

ನಮ್ಮ ಭಾಷೆಯಲ್ಲಿ ಇದನ್ನು ಒಂದೇ ಪ್ರತ್ಯಯದಲ್ಲಿ ತೋರಿಸಬಹುದು. ನಾವು ಕಣ್ಣಾರೆ ಕಾಣದ್ದಕ್ಕೆಲ್ಲ ಕನ್ನಡದಲ್ಲಿ ‘ಅಂತೆ’ ಹಚ್ಚುತ್ತೇವೆ: ಬಹಳ ಚೆಲುವೆಯಂತೆ, ಕುದುರೆ ಸವಾರಿಯಲ್ಲಿ ಎತ್ತಿದ ಕೈಯಂತೆ, ಗಂಡನಿಗೆ ಅವಳೆಂದರೆ ಪ್ರಾಣವಂತೆ. ನಾಯಕಿ ರೆಬೆಕ್ಕಾಳನ್ನು ಒಂದು ದಿನವೂ ಕಂಡವಳಲ್ಲ. ಅವಳಿಗೆ ಗೊತ್ತಿರುವುದೆಲ್ಲ ‘ಅಂತೆ’. ಮೊದಲು ಪಾದ್ರಿಯ ಹೆಂಡತಿ, ಆಳುಗಳು, ಡ್ಯಾನ್ವರ್ಸ್ ಹೇಳಿದ್ದನ್ನು ‘ಅಂತೆ’ ಎಂದೇ ಕೇಳಿಸಿಕೊಳ್ಳುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ‘ಅಂತೆ’ ಉದುರಿಹೋಗುತ್ತದೆ, ‘ಪ್ರಾಣವಂತೆ’ ಎಂದಿದ್ದದ್ದು ‘ಪ್ರಾಣ’ವಾಗಿ ನಿಲ್ಲುತ್ತದೆ. ಮ್ಯಾಂಡರ್ಲಿಯ ಭಯವೆಲ್ಲ ಆ ಉದುರಿಹೋದ ಎರಡಕ್ಷರದಲ್ಲಿದೆ.

ಎರಡನೇ ಓದನ್ನು ಹೀಗೆ ಮಾಡಿ ನೋಡಿ. ನೋಟ್‌ಬುಕ್ಕಿನ ಒಂದು ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಮೇಲೆ ‘ಕಂಡದ್ದು’, ‘ಕೇಳಿದ್ದು’, ‘ಊಹಿಸಿದ್ದು’ ಎಂದು ಬರೆಯಿರಿ. 7ನೇ ಅಧ್ಯಾಯದಿಂದ, ಅಂದರೆ ಮ್ಯಾಂಡರ್ಲಿಗೆ ಕಾಲಿಟ್ಟಲ್ಲಿಂದ, 18ರವರೆಗೆ ರೆಬೆಕ್ಕಾಳ ಬಗ್ಗೆ ಬರುವ ಒಂದೊಂದು ಸಂಗತಿಯನ್ನೂ ಈ ಮೂರರಲ್ಲಿ ಎಲ್ಲಿ ಸೇರುತ್ತದೋ ಅಲ್ಲಿ ಹಾಕಿ. ‘ಕಂಡದ್ದು’ ಸಾಲಿಗೆ ಬೀಳುವುದು ಕೈಬರಹ, ಬಟ್ಟೆಬರೆ, ತಲೆ ಬಾಚುವ ಬ್ರಷ್ಷು, ಮಳೆಕೋಟಿನ ಜೇಬಿನಲ್ಲಿದ್ದ ಕರವಸ್ತ್ರ, ಇಂಥ ವಸ್ತುಗಳು ಮಾತ್ರ. ‘ಗಂಡ ಅವಳನ್ನು ಇನ್ನೂ ಪ್ರೀತಿಸುತ್ತಾನೆ’ ಎಂಬುದು ಎಷ್ಟು ಸಲ ಬಂದರೂ ಮೂರನೆಯ ಸಾಲಿಗೇ ಹೋಗುತ್ತದೆ. ಪಟ್ಟಿ ಮುಗಿದಾಗ ಮೋಸ ಮಾಡಿದವರು ಯಾರು ಎಂಬುದು ನಿಮ್ಮ ಕೈಬರಹದಲ್ಲೇ ಕಾಣಿಸುತ್ತದೆ.

ಒಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಕಥೆ ಹೇಳುವಾಗ ನಾಯಕಿಗೆ ಎಲ್ಲವೂ ಗೊತ್ತಿರುತ್ತದೆ. ಎಲ್ಲ ಮುಗಿದ ಮೇಲೆ ಪರದೇಶದಲ್ಲಿ ಕೂತು ನೆನಪಿಸಿಕೊಳ್ಳುತ್ತಿದ್ದಾಳೆ. ಹಾಗಿದ್ದೂ ಅಂದು ಗೊತ್ತಿಲ್ಲದವಳಂತೆ ಹೇಳುವುದು ಸರಿಯೇ? ನಮ್ಮ ಮಟ್ಟಿಗೆ ಸರಿ, ಏಕೆಂದರೆ ತಪ್ಪು ಊಹೆಗಳನ್ನು ಅವಳು ಅಂದಿನ ಹುಡುಗಿಯ ಊಹೆಗಳಾಗಿಯೇ ಕೊಡುತ್ತಾಳೆ. ಇಂದಿನ ತಿಳಿವಳಿಕೆಯ ಮುದ್ರೆ ಒತ್ತಿ ‘ಅವನು ಪ್ರೀತಿಸಿದ್ದ’ ಎಂದುಬಿಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು.

ಹಾಗಾದರೆ ಆ ತಿಂಡಿ, ಚಹಾ, ಹೂವಿನ ಕುಂಡದ ಪುಟಗಳು? ಅವನ್ನು ಹಾರಿಸಿ ಓದಿದರೆ ನಷ್ಟವೇನು?
*– ಅವರದೇ ಇನ್ನೊಂದು ಪ್ರಶ್ನೆ*

ನಷ್ಟ ದೊಡ್ಡದು. ಒಂದೇ ಉದಾಹರಣೆ ಸಾಕು, ಪಿಂಗಾಣಿ ಬೊಂಬೆ ಒಡೆಯುವ ಪ್ರಸಂಗ. ಬಿಯಾಟ್ರಿಸ್ ಮದುವೆಯ ಉಡುಗೊರೆಯಾಗಿ ಚಿತ್ರಕಲೆಯ ದಪ್ಪ ಸಂಪುಟಗಳನ್ನು ಕಳಿಸುತ್ತಾಳೆ. ನಾಯಕಿ ಅವನ್ನು ರೆಬೆಕ್ಕಾ ಬಳಸುತ್ತಿದ್ದ ಬರೆಯುವ ಮೇಜಿನ ಮೇಲೆ ಜೋಡಿಸುತ್ತಾಳೆ. ಆ ಮನೆಯಲ್ಲಿ ತನ್ನದೆಂದು ಅವಳು ಇಟ್ಟ ಮೊದಲ ವಸ್ತುಗಳು ಅವು. ಪುಸ್ತಕಗಳು ಜಾರಿ ಬಿದ್ದು ಪಿಂಗಾಣಿಯ ಪುಟ್ಟ ಮನ್ಮಥನ ಬೊಂಬೆ ಚೂರಾಗುತ್ತದೆ. ಮನೆಯ ಯಜಮಾನಿ ಕರೆಗಂಟೆ ಒತ್ತಿ ಗುಡಿಸಲು ಹೇಳಬೇಕಿತ್ತು. ಇವಳು ಚೂರುಗಳನ್ನು ಆಯ್ದು ಲಕೋಟೆಗೆ ತುಂಬಿ ಡ್ರಾಯರಿನ ಹಿಂಬದಿಗೆ ತಳ್ಳುತ್ತಾಳೆ. ಬೊಂಬೆ ಬೆಲೆಬಾಳುವಂಥದ್ದು, ಕದ್ದ ಆಪಾದನೆ ಹುಡುಗ ಆಳು ರಾಬರ್ಟನ ಮೇಲೆ ಬರುತ್ತದೆ. ಕೊನೆಗೆ ಗಂಡನೆದುರು, ಡ್ಯಾನ್ವರ್ಸ್‌ಳೆದುರು ತಪ್ಪೊಪ್ಪಿಕೊಂಡು ನಿಲ್ಲಬೇಕಾಗುತ್ತದೆ.

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ಕುಂಬಳಕಾಯಿ ಕದಿಯದವಳೇ ಹೆಗಲು ಮುಟ್ಟಿಕೊಳ್ಳುತ್ತಾಳೆ. ನಿಜವಾಗಿ ಕದ್ದವನು ಅಲ್ಲೇ ಕೂತು ಅವಳ ಅಂಜಿಕೆಗೆ ಬೇಸರಪಡುತ್ತಾನೆ. ಇವಳು ಬಚ್ಚಿಟ್ಟದ್ದು ಬೊಂಬೆಯ ಚೂರು. ಅವನು ಬಚ್ಚಿಟ್ಟದ್ದು ದೋಣಿಯ ಕೋಣೆಯಲ್ಲಿ ಹೆಂಡತಿಯ ಹೆಣ, ತಳಕ್ಕೆ ಕೊರೆದ ತೂತುಗಳು. ಇಬ್ಬರದ್ದೂ ಒಂದೇ ಕೆಲಸ, ಗಾತ್ರ ಬೇರೆ. 12ನೇ ಅಧ್ಯಾಯದಲ್ಲಿ ಈ ಚಿಕ್ಕದನ್ನು ನೋಡಿದ್ದರಿಂದಲೇ 20ರಲ್ಲಿ ದೊಡ್ಡದು ಹೊರಬಿದ್ದಾಗ ಅವಳು ಅವನ ಪಕ್ಷ ವಹಿಸುವುದನ್ನು ನಾವು ನಂಬುತ್ತೇವೆ. ಹಾರಿಸಿ ಓದಿದವರಿಗೆ ‘ಕೊಲೆಗಾರನನ್ನು ಹೆಂಡತಿ ಅಷ್ಟು ಸುಲಭವಾಗಿ ಹೇಗೆ ಕ್ಷಮಿಸಿದಳು?’ ಎಂಬ ಪ್ರಶ್ನೆ ಉಳಿಯುತ್ತದೆ. ಈ ಸಲವೇ ಅಂಥ ಮೂರು ಪತ್ರ ಬಂದಿವೆ.

ನಾಯಕಿಗೆ ಕೊನೆಯವರೆಗೂ ಹೆಸರೇ ಇಲ್ಲ. ಇದು ಬರಿಯ ಚಮತ್ಕಾರವೇ?
*– ಒಬ್ಬ ಉಪನ್ಯಾಸಕಿ, ತುಮಕೂರು*

ಚಮತ್ಕಾರವಾಗಿದ್ದರೆ ಹತ್ತು ಪುಟಕ್ಕೆ ಸಾಕಾಗುತ್ತಿತ್ತು. ಸತ್ತವಳ ಹೆಸರು ಮುಖಪುಟದ ಮೇಲೆ, ಕರವಸ್ತ್ರದ ಮೂಲೆಯಲ್ಲಿ, ಕವನಪುಸ್ತಕದ ಮೊದಲ ಹಾಳೆಯಲ್ಲಿ ಇದೆ. ಬದುಕಿರುವವಳಿಗೆ ಹೆಸರಿಲ್ಲ. ಮ್ಯಾಂಡರ್ಲಿಯ ಮೊದಲ ಬೆಳಿಗ್ಗೆ ಮನೆಯೊಳಗಿನ ಫೋನು ಬಡಿದು ‘ಮಿಸೆಸ್ ಡಿ ವಿಂಟರ್?’ ಎಂದು ಕೇಳಿದಾಗ ಅವಳು ‘ಅವರು ತೀರಿಕೊಂಡು ವರ್ಷದ ಮೇಲಾಯಿತು’ ಎಂದು ಉತ್ತರಿಸಿಬಿಡುತ್ತಾಳೆ. ಆ ಹೆಸರು ಈಗ ತನ್ನದು ಎಂಬುದೇ ಅವಳಿಗೆ ಹೊಳೆಯುವುದಿಲ್ಲ. ಭೂತಬಂಗಲೆಯ ಯಾವ ಸದ್ದಿಗಿಂತಲೂ ಈ ಫೋನಿನ ಮಾತು ಹೆಚ್ಚು ಮೈ ನಡುಗಿಸುತ್ತದೆ.

ಕನ್ನಡದಲ್ಲಿ ಇದರ ಸೊಗಸನ್ನು ಬೇರೆ ರೀತಿಯಲ್ಲಿ ನೋಡಬೇಕಿದ್ದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ. ಅಲ್ಲಿಯೂ ನಿರೂಪಕನಿಗೆ ಹೆಸರಿಲ್ಲ. ಕಾಫಿ ಹೌಸಿನಲ್ಲಿ ಕೂತು ಮನೆಯವರ ಕಥೆ ಹೇಳುತ್ತಾನೆ. ಆ ಮನೆಯವರು ಇರುವೆಗಳನ್ನು ಹೊಸಕುವ ಬಗೆ ನೋಡಿದ ಮೇಲೆ ಅವನು ಹೇಳದೆ ಬಿಟ್ಟದ್ದೇನು ಎಂಬ ಅಂಜಿಕೆ ನಮ್ಮನ್ನು ಹಿಡಿಯುತ್ತದೆ. ಹೆಸರಿಲ್ಲದ ‘ನಾನು’ ಡು ಮೊರಿಯೆಯಲ್ಲಿ ತನ್ನನ್ನು ಅಳಿಸಿಕೊಂಡವಳು, ಇಲ್ಲಿ ಮನೆಯವರೊಳಗೆ ಕರಗಿ ಹೋದವನು.

ಸೈಕಲಾಜಿಕಲ್ ಥ್ರಿಲ್ಲರ್ ಒಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪರಾಧಿ ಗಂಡೋ ಹೆಣ್ಣೋ ತಿಳಿಯಬಾರದು. ಇಂಗ್ಲಿಷಿನಲ್ಲಿ ಸಾಧ್ಯವಾಗುವುದು ಕನ್ನಡದಲ್ಲಿ ಕ್ರಿಯಾಪದದ ಕೊನೆಗೇ ಬಯಲಾಗುತ್ತದೆ. ದಾರಿಯೇನು?
*– ಒಬ್ಬ ಯುವ ಲೇಖಕ, ಮೈಸೂರು*

ಬಹಳ ಒಳ್ಳೆಯ ಪ್ರಶ್ನೆ, ಈ ಪ್ರಕಾರಕ್ಕೆ ಕೈಹಾಕುವ ಕನ್ನಡ ಲೇಖಕರೆಲ್ಲ ಎಡವುವ ಜಾಗ ಇದು. ‘ಬಾಗಿಲು ತಳ್ಳಿದನು’ ಎಂದರೆ ಗಂಡು, ‘ತಳ್ಳಿದಳು’ ಎಂದರೆ ಹೆಣ್ಣು. ಅದನ್ನು ತಪ್ಪಿಸಲು ಹೆಚ್ಚಿನವರು ‘ಆ ಆಕೃತಿ ಬಾಗಿಲು ತಳ್ಳಿತು’ ಎನ್ನುತ್ತಾರೆ. ಒಮ್ಮೆ ನಡೆಯುತ್ತದೆ. ಎರಡನೇ ಸಲ ‘ಆಕೃತಿ ಮೆಟ್ಟಿಲು ಹತ್ತಿತು’ ಎಂದ ಕೂಡಲೇ ಓದುಗರಿಗೆ ದೆವ್ವದ ಕಥೆ ನೆನಪಾಗುತ್ತದೆ. ಮೂರನೇ ಸಲಕ್ಕೆ ಲೇಖಕರು ಏನನ್ನೋ ಮುಚ್ಚುತ್ತಿದ್ದಾರೆ ಎಂಬುದೇ ಎದ್ದು ಕಾಣುತ್ತದೆ. ‘ಆ ವ್ಯಕ್ತಿ ತಳ್ಳಿದರು’ ಎಂದು ಬಹುವಚನ ಹಚ್ಚಿದರೆ ಕೊಲೆಗಡುಕರಿಗೆ ಮರ್ಯಾದೆ ಕೊಟ್ಟಂತಾಗುತ್ತದೆ.

ಭಾಷೆಯೇ ಕೊಟ್ಟಿರುವ ನಾಲ್ಕು ದಾರಿಗಳಿವೆ. ಮೊದಲನೆಯದು ‘ನಾನು’. ಉತ್ತಮ ಪುರುಷದಲ್ಲಿ ಕನ್ನಡಕ್ಕೆ ಲಿಂಗವೇ ಇಲ್ಲ. ‘ತಳ್ಳಿದೆ, ಹತ್ತಿದೆ, ನಿಂತೆ’ ಎಂದು ಪುಟಗಟ್ಟಲೆ ಬರೆದರೂ ಗುಟ್ಟು ಬಿಡುವುದಿಲ್ಲ. ಹಿಂದಿಯಲ್ಲಿ ಬರೆಯುವವರಿಗೆ ಈ ಅನುಕೂಲವಿಲ್ಲ. ಎರಡನೆಯದು ‘ಯಾರೋ’. ‘ಯಾರೋ ಬಾಗಿಲು ತಟ್ಟಿದರು’ ಎಂಬಲ್ಲಿನ ‘ಅರು’ ಗೌರವದ್ದಲ್ಲ, ಗೊತ್ತಿಲ್ಲದ್ದರದ್ದು. ಆದರೆ ಅದರ ಆಯಸ್ಸು ಒಂದು ವಾಕ್ಯ, ಹೆಚ್ಚೆಂದರೆ ಎರಡು. ಮೂರನೆಯದು ಕರ್ತೃವನ್ನೇ ಬಿಟ್ಟು ವಸ್ತುವಿಗೆ ಕ್ರಿಯೆ ಕೊಡುವುದು: ‘ಬಾಗಿಲು ತೆರೆದುಕೊಂಡಿತು. ಮೂರನೇ ಮೆಟ್ಟಿಲು ಕಿರುಗುಟ್ಟಿತು.’ ನಾಲ್ಕನೆಯದು ನಮಗೆ ಅತ್ಯಂತ ಇಷ್ಟವಾದದ್ದು, ಕೃದಂತ: ‘ಬಾಗಿಲು ತಳ್ಳಿದ ಕೈಯಲ್ಲಿ ಬಳೆ ಇರಲಿಲ್ಲ.’ ‘ತಳ್ಳಿದ’ ಎಂಬಲ್ಲಿ ಲಿಂಗವಿಲ್ಲ, ವಾಕ್ಯದಲ್ಲಿ ಒಂದು ಸುಳ್ಳೂ ಇಲ್ಲ. ಬಳೆಯಿಲ್ಲ ಎಂದ ಕೂಡಲೇ ಓದುಗರು ತಾವಾಗಿ ಗಂಡಸನ್ನು ಕಲ್ಪಿಸಿಕೊಳ್ಳುತ್ತಾರೆ. ಬಳೆ ತೆಗೆದಿಟ್ಟು ಬಂದ ಹೆಂಗಸು ಕೊನೆಗೆ ಹೊರಬಿದ್ದಾಗ ನಿಮ್ಮನ್ನು ಬೈಯುವಂತಿಲ್ಲ. ಒಂದು ದೃಶ್ಯದೊಳಗೆ ಈ ನಾಲ್ಕನ್ನೂ ಬೆರೆಸಿ ಬಳಸಿ. ಒಂದನ್ನೇ ಹಿಡಿದು ಕೂತರೆ ಹೊಲಿಗೆ ಕಾಣುತ್ತದೆ.

‘ಅಂತೆ’ಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಿಮ್ಮ ನಿರೂಪಕಿ ಕಾಣದ್ದನ್ನು ಕಂಡಂತೆ ಹೇಳಿದರೆ, ಮೊದಲ ಸಲ ಅದು ‘ಅಂತೆ’ಯೊಂದಿಗೇ ಪುಸ್ತಕದಲ್ಲಿ ಎಲ್ಲಾದರೂ ಇರಲಿ. ಹಿಂದಿರುಗಿ ನೋಡಿದವರಿಗೆ ಆ ಸಾಲು ಸಿಗಬೇಕು. ಸಿಗದಿದ್ದರೆ ನಿಮ್ಮ ತಿರುವು ನುಂಗಲಾರದ ತುತ್ತಾಗುತ್ತದೆ.

ನೀನು–ನೀವುಗಳನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಟ್ಟುಕೊಳ್ಳಿ. ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಎಷ್ಟನೇ ಅಧ್ಯಾಯದಲ್ಲಿ ಅದು ಬದಲಾಗುತ್ತದೆ ಎಂಬುದು ಅಲ್ಲಿರಲಿ. ಇಂಗ್ಲಿಷಿಗೆ ಇಲ್ಲದ ಆಯುಧ ಇದು. ‘ರೆಬೆಕ್ಕಾ’ವನ್ನೇ ಯಾರಾದರೂ ಕನ್ನಡಕ್ಕೆ ತರುವುದಾದರೆ ಡ್ಯಾನ್ವರ್ಸ್ ಹೊಸ ಹೆಂಡತಿಯನ್ನು ‘ಮೇಡಂ, ನೀವು’ ಎನ್ನಬೇಕು, ಸತ್ತವಳನ್ನು ‘ನಮ್ಮ ಅಮ್ಮಾವ್ರು’ ಎನ್ನಬೇಕು. ಮರ್ಯಾದೆ ಎರಡರಲ್ಲೂ ಇದೆ, ಮನೆ ಯಾರದ್ದು ಎಂಬುದು ‘ನಮ್ಮ’ದಲ್ಲಿದೆ. ರೆಬೆಕ್ಕಾಳನ್ನು ಚಿಕ್ಕಂದಿನಿಂದ ನೋಡಿಕೊಂಡವಳು ಅವಳು. ಹಾಗಾಗಿ 14ನೇ ಅಧ್ಯಾಯದಲ್ಲಿ ಸತ್ತವಳ ಮಲಗುವ ಕೋಣೆಯನ್ನು ತೋರಿಸುತ್ತ, ಅವಳ ತುಪ್ಪಳದ ಕೋಟನ್ನು ಕೆನ್ನೆಗೆ ತಾಗಿಸು ಎನ್ನುವಾಗ, ಬಾಯಿತಪ್ಪಿ ‘ಅವಳು’ ಎಂದುಬಿಡಬಹುದು. ಆ ಒಂದು ಏಕವಚನಕ್ಕೆ ಓದುಗರ ಮೈ ಜುಮ್ಮೆನ್ನುತ್ತದೆ.

ನನ್ನ ಕಥೆಯಲ್ಲಿ ನಾಯಕಿಗೆ ತಲೆಗೆ ಪೆಟ್ಟು ಬಿದ್ದು ಹೆಸರೂ ಮರೆತುಹೋಗುತ್ತದೆ. ಕೊನೆಗೆ ಇನ್ನೊಂದು ಪೆಟ್ಟಿಗೆ ಎಲ್ಲ ನೆನಪಾಗುತ್ತದೆ. ಇದು ನಂಬುವಂತಿದೆಯೇ?
*– ಒಬ್ಬ ಓದುಗರು, ದಾವಣಗೆರೆ*

ಇಲ್ಲ. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಪೆಟ್ಟಿನ ಹತ್ತಿರದ ಹೊತ್ತನ್ನು, ಅದಕ್ಕೆ ಸ್ವಲ್ಪ ಮುಂಚಿನದ್ದು ಮತ್ತು ಆಮೇಲಿನದ್ದು. ತನ್ನ ಹೆಸರು, ತಾಯಿ, ಮಾತೃಭಾಷೆ ಉಳಿಯುತ್ತವೆ. ಪೆಟ್ಟಿನ ಆ ಕ್ಷಣದ ನೆನಪು ಎಷ್ಟೋ ಸಲ ಮರಳುವುದೇ ಇಲ್ಲ. ಎರಡನೆಯ ಪೆಟ್ಟು ಮಿದುಳಿಗೆ ಇನ್ನಷ್ಟು ಕೇಡು ಮಾಡುತ್ತದೆ, ಗುಣ ಮಾಡುವುದಿಲ್ಲ.

ಕುಡಿತದ ‘ಬ್ಲ್ಯಾಕೌಟ್’ ಬಳಸುವವರೂ ಇದೇ ತಪ್ಪು ಮಾಡುತ್ತಾರೆ. ಪೂರ್ತಿ ಬ್ಲ್ಯಾಕೌಟಿನಲ್ಲಿ ಮನುಷ್ಯ ಓಡಾಡಿದರೂ ಮಾತಾಡಿದರೂ ಮಿದುಳು ಅದನ್ನು ದಾಖಲಿಸಿಕೊಂಡೇ ಇರುವುದಿಲ್ಲ. ಬರೆಯದ ಪುಟವನ್ನು ಕೊನೆಯ ಅಧ್ಯಾಯದಲ್ಲಿ ಓದಿಸಲಾಗದು. ಅರೆಬರೆ ಬ್ಲ್ಯಾಕೌಟಿನಲ್ಲಿ ಮಾತ್ರ ಚೂರುಪಾರು ಉಳಿದಿದ್ದು, ಒಂದು ಜಾಗ ಅಥವಾ ವಾಸನೆ ಅದನ್ನು ಎಬ್ಬಿಸಬಹುದು. ನಿಮ್ಮ ಕಥೆಗೆ ಇದೇ ಲಾಭ: ನಾಯಕಿಗೆ ಮೂರು ಚೂರು ನೆನಪು ಕೊಡಿ, ನಡುವಿನ ಜಾಗವನ್ನು ಅವಳ ಸುತ್ತಲಿನವರು ತಮಗೆ ಬೇಕಾದಂತೆ ತುಂಬಲಿ. ಆಗ ಪ್ರಶ್ನೆ ‘ನೆನಪಾಗುತ್ತದೆಯೇ’ ಎಂಬುದರಿಂದ ‘ಯಾರ ಮಾತನ್ನು ನಂಬುತ್ತಾಳೆ’ ಎಂಬುದಕ್ಕೆ ಸರಿಯುತ್ತದೆ. ಥ್ರಿಲ್ಲರ್ ಇರುವುದೇ ಅಲ್ಲಿ.

ಡ್ಯಾನ್ವರ್ಸ್ ಮಾನಸಿಕ ರೋಗಿಯೇ? ಇಂಥ ಕಾದಂಬರಿಗಳಲ್ಲಿ ಮನಸ್ಸು ಕೆಟ್ಟವರೇ ಯಾವಾಗಲೂ ಕೊಲೆಗಾರರು. ಮನೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿದ್ದಾಗ ಇದನ್ನು ಓದಲು ಸಂಕಟವಾಗುತ್ತದೆ. ತ್ರಿವೇಣಿಯವರ ‘ಶರಪಂಜರ’ವನ್ನು ಈ ಪ್ರಕಾರಕ್ಕೆ ಸೇರಿಸಬಹುದೇ?
*– ಒಬ್ಬ ಗೃಹಿಣಿ, ಹಾಸನ*

ನಿಮ್ಮ ಸಂಕಟ ನ್ಯಾಯವಾದದ್ದು. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೊನೆಯಲ್ಲಿ ‘ಅವನಿಗೆ ಸ್ಕಿಜೋಫ್ರೇನಿಯಾ ಇತ್ತು’ ಎಂದು ಮುಗಿಸಿ, ಅದನ್ನೇ ‘ಎರಡು ವ್ಯಕ್ತಿತ್ವ’ ಎಂದು ವಿವರಿಸುವ ಪುಸ್ತಕಗಳು ಎರಡು ಬೇರೆ ಬೇರೆ ಕಾಯಿಲೆಗಳನ್ನು ಕಲಸಿಬಿಡುತ್ತವೆ. ಅಂಥವನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ಡು ಮೊರಿಯೆ ಆ ಸುಲಭದ ದಾರಿ ಹಿಡಿಯಲಿಲ್ಲ. ಡ್ಯಾನ್ವರ್ಸ್‌ಳಿಗೆ ರೋಗದ ಹೆಸರಿಲ್ಲ. ಅವಳದ್ದು ದುಃಖ ಹುಳಿತು ವಿಷವಾದ ಸ್ಥಿತಿ. ಅವಳು ಮಾಡುವ ಕೆಲಸ ಮಾತ್ರ ಲೆಕ್ಕಾಚಾರದ್ದು. ವೇಷದ ನೃತ್ಯಕೂಟಕ್ಕೆ ಗೋಡೆಯ ಚಿತ್ರದಲ್ಲಿರುವ ಕ್ಯಾರೊಲಿನ್ ಡಿ ವಿಂಟರಳ ಉಡುಪು ಹೊಲಿಸಿಕೊಳ್ಳಲು ಸೂಚಿಸುತ್ತಾಳೆ. ಹಿಂದಿನ ಕೂಟದಲ್ಲಿ ರೆಬೆಕ್ಕಾ ಅದೇ ವೇಷ ಹಾಕಿದ್ದಳು ಎಂಬುದನ್ನು ಹೇಳುವುದಿಲ್ಲ. ನಾಯಕಿ ಮೆಟ್ಟಿಲಿಳಿದು ಬಂದಾಗ ಗಂಡನ ಮುಖ ಬಿಳಿಚಿಕೊಳ್ಳುತ್ತದೆ. ಮರುದಿನ ಕಿಟಕಿಯ ಬಳಿ ನಿಲ್ಲಿಸಿ, ಹಾರಿಬಿಡು ಎಂದು ಕಿವಿಯಲ್ಲಿ ಪಿಸುಗುಡುತ್ತಾಳೆ. ಇಂದು ಎಲ್ಲರ ಬಾಯಲ್ಲಿರುವ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಇದೇ 1938ರಲ್ಲಿ ರಂಗಕ್ಕೆ ಬಂದ ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ‘ಗ್ಯಾಸ್ ಲೈಟ್’ ನಾಟಕದ ಹೆಸರಿನಿಂದ ಬಂದದ್ದು. ಅಲ್ಲಿ ಗಂಡ ಗುಟ್ಟಾಗಿ ಮಹಡಿಯಲ್ಲಿ ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಕಂಡದ್ದು ನಿಜವೇ, ಆದರೂ ಅವಳಿಗೇ ಬುದ್ಧಿಭ್ರಮೆ ಎಂದು ನಂಬಿಸಲಾಗುತ್ತದೆ.

‘ಶರಪಂಜರ’ ಥ್ರಿಲ್ಲರ್ ಅಲ್ಲ. ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928–1963) ಅಲ್ಲಿ ಗುಟ್ಟನ್ನು ತಡೆಹಿಡಿದು ಆಟ ಆಡಿಸುವುದಿಲ್ಲ. ಬಾಣಂತನದಲ್ಲಿ ಕಾಯಿಲೆ ಬಿದ್ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಗಂಡ, ಆಳು, ನೆರೆಯವರು ಅವಳ ಒಂದೊಂದು ನಗೆಯನ್ನೂ ರೋಗವೆಂದೇ ಓದುತ್ತಾರೆ. ಅವರೆಲ್ಲರ ‘ಹುಚ್ಚಂತೆ’ಯೇ ಅವಳನ್ನು ಮತ್ತೆ ಕೆಡವುತ್ತದೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರ ನೋಡಿದವರಿಗೆ ಕಲ್ಪನಾ ಅವರ ಮುಖ ನೆನಪಿರುತ್ತದೆ. ಥ್ರಿಲ್ಲರ್ ಬರೆಯುವವರು ಓದಲೇಬೇಕಾದ ಪುಸ್ತಕ ಅದು. ಒಂದು ಮನೆ ಒಬ್ಬಳ ಮನಸ್ಸನ್ನು ಹೇಗೆ ಮುರಿಯುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ತೋರಿಸಿದ ಕನ್ನಡ ಕಾದಂಬರಿಗಳು ಕಡಿಮೆ.

ಸಿನಿಮಾದಲ್ಲಿ ಮ್ಯಾಕ್ಸಿಮ್ ಕೊಲೆ ಮಾಡುವುದೇ ಇಲ್ಲವಲ್ಲ? ಯಾವುದು ಸರಿ?
*– ಒಬ್ಬ ವಿದ್ಯಾರ್ಥಿ, ಮಂಗಳೂರು*

ಕಾದಂಬರಿಯಲ್ಲಿ ಗುಂಡಿಟ್ಟು ಕೊಲ್ಲುತ್ತಾನೆ. 1940ರ ಹಿಚ್‌ಕಾಕ್ ಚಿತ್ರದಲ್ಲಿ ಅವಳು ಎಡವಿ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ಕೊಲೆಗಾರ ಶಿಕ್ಷೆಯಿಲ್ಲದೆ ಪಾರಾಗುವುದನ್ನು ತೋರಿಸಲು ಆಗಿನ ಹಾಲಿವುಡ್‌ನ ನಿಯಮಾವಳಿ ಬಿಡುತ್ತಿರಲಿಲ್ಲ. ಚಿತ್ರಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂದರೂ ನಾಯಕಿಯ ಆಯ್ಕೆಯ ಭಾರ ಅದರಲ್ಲಿ ಅರ್ಧಕ್ಕರ್ಧ ಇಳಿದಿದೆ: ಕೊಲೆಗಾರನನ್ನು ಉಳಿಸುವುದು ಬೇರೆ, ನಿರಪರಾಧಿಯನ್ನು ಉಳಿಸುವುದು ಬೇರೆ. ಹಿಂದಿಯಲ್ಲಿ ಇದೇ ಕಥೆಯನ್ನಾಧರಿಸಿ 1964ರಲ್ಲಿ ವಹೀದಾ ರೆಹಮಾನ್ ನಟಿಸಿದ ‘ಕೊಹ್ರಾ’ ಬಂತು. ಮೊದಲು ಪುಸ್ತಕ ಓದಿ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಥ್ರಿಲ್ಲರ್ ಒಂದರ ಅನಿಸಿಕೆ ಬರೆಯಬೇಕು, 600 ಪದ. ಗುಟ್ಟು ಬಿಡದೆ ಬರೆಯಲು ಹೋದರೆ ಏನೂ ಉಳಿಯುವುದಿಲ್ಲ.
*– ಬಿ.ಎ. ವಿದ್ಯಾರ್ಥಿನಿ, ಕಲಬುರಗಿ*

ಉಳಿಯುತ್ತದೆ. ಮೊದಲ 100 ಪದಗಳಲ್ಲಿ ಯಾರು, ಎಲ್ಲಿ, ತೊಡಕೇನು ಎಂಬುದನ್ನು ಹೇಳಿ ನಿಲ್ಲಿಸಿ. ಕಥೆ ಹೇಳುವುದು ಪುಸ್ತಕದ ಮೊದಲ ಕಾಲು ಭಾಗವನ್ನು ದಾಟಬಾರದು. ಮುಂದಿನ 250 ಪದಗಳನ್ನು ಒಂದೇ ದೃಶ್ಯಕ್ಕೆ ಕೊಡಿ. ಹತ್ತು ದೃಶ್ಯಗಳ ಹೆಸರು ಹೇಳುವುದಕ್ಕಿಂತ ಒಂದನ್ನು ಬಿಡಿಸಿ ತೋರಿಸುವುದು ಮೇಲು. ‘ರೆಬೆಕ್ಕಾ’ ಆದರೆ ಮೇಲೆ ಹೇಳಿದ ಬೊಂಬೆಯ ಪ್ರಸಂಗ ಸಾಕು, ಅದರಿಂದ ಯಾವ ಗುಟ್ಟೂ ಹೊರಬೀಳುವುದಿಲ್ಲ. 150 ಪದ ನಿಮಗೆ ಒಪ್ಪಿಗೆಯಾಗದ್ದಕ್ಕೆ, ಪುಟ ಅಥವಾ ಅಧ್ಯಾಯದ ಸಂಖ್ಯೆಯ ಸಮೇತ. ಕೊನೆಯ 100 ಪದ ಇದು ಯಾರಿಗೆ ಹಿಡಿಸಬಹುದು, ಯಾರಿಗೆ ಇಲ್ಲ ಎಂಬುದಕ್ಕೆ.

‘ಕೊನೆಯಲ್ಲಿ ಯಾರೂ ಊಹಿಸಲಾರದ ತಿರುವಿದೆ’ ಎಂದು ಬರೆಯಬೇಡಿ. ಅದೇ ದೊಡ್ಡ ಗುಟ್ಟು ಬಿಟ್ಟಂತೆ. ಓದುಗರು ಮೊದಲ ಪುಟದಿಂದ ತಿರುವನ್ನೇ ಕಾಯುತ್ತ ಕೂರುತ್ತಾರೆ, ಎಲ್ಲರನ್ನೂ ಅನುಮಾನಿಸುತ್ತಾರೆ, ನಿರೂಪಕಿಯನ್ನು ನಂಬುವುದೇ ಇಲ್ಲ. ನಂಬದವರನ್ನು ಯಾವ ಲೇಖಕರೂ ಬೆಚ್ಚಿಬೀಳಿಸಲಾರರು. ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ’ ಎಂಬ ಸವೆದ ಮಾತಿನ ಬದಲು ನೀವು ಎಲ್ಲಿ ಓದು ನಿಲ್ಲಿಸಿದಿರಿ, ಏಕೆ ನಿಲ್ಲಿಸಿದಿರಿ ಎಂದು ಬರೆಯಿರಿ. ಬರೆದಾದ ಮೇಲೆ ಪುಸ್ತಕ ಓದದ ಗೆಳತಿಯೊಬ್ಬಳಿಗೆ ಕೊಟ್ಟು, ಕೊನೆ ಏನಿರಬಹುದು ಎಂದು ಕೇಳಿ. ಸರಿಯಾಗಿ ಹೇಳಿಬಿಟ್ಟರೆ ಯಾವ ವಾಕ್ಯದಿಂದ ತಿಳಿಯಿತೆಂದು ವಿಚಾರಿಸಿ ಅದನ್ನು ಹೊಡೆದುಹಾಕಿ.

ಕೊನೆ ಅರ್ಧಕ್ಕೆ ನಿಂತಂತಿದೆ. ಮನೆ ಸುಟ್ಟವರು ಯಾರು, ಆಮೇಲೆ ಏನಾಯಿತು, ಒಂದೂ ಇಲ್ಲ. ಕೊನೆಯ ಪುಟಗಳು ಹರಿದುಹೋದ ಪ್ರತಿ ಸಿಕ್ಕಿತೇ ಎಂದು ಅನುಮಾನವಾಯಿತು.
*– ಒಬ್ಬ ಓದುಗರು, ಸಾಗರ*

ನಿಮ್ಮ ಪ್ರತಿ ಸರಿಯಾಗಿಯೇ ಇದೆ. 27ನೇ ಅಧ್ಯಾಯ ಮುಗಿಯುವುದು ರಾತ್ರಿಯ ದಾರಿಯಲ್ಲಿ, ಕಾರಿನೊಳಗೆ. ಆಕಾಶದಲ್ಲಿ ಕೆಂಪು, ಸಮುದ್ರದ ಕಡೆಯಿಂದ ಬೀಸುವ ಉಪ್ಪುಗಾಳಿಯಲ್ಲಿ ಬೂದಿ. ಮನೆ ಕಾಣುವುದೂ ಇಲ್ಲ. ಡ್ಯಾನ್ವರ್ಸ್ ಗಂಟುಮೂಟೆ ಕಟ್ಟಿ ಹೊರಟುಹೋದಳು ಎಂಬ ಸುದ್ದಿ ಅದಕ್ಕೆ ಮೊದಲೇ ಫೋನಿನಲ್ಲಿ ಬಂದಿರುತ್ತದೆ. ಬೆಂಕಿ ಇಟ್ಟವಳು ಅವಳೇ ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ, ಅದೂ ನಮ್ಮ ಊಹೆಯ ಸಾಲಿಗೇ ಸೇರಬೇಕಾದ್ದು. ಆಮೇಲೆ ಏನಾಯಿತು ಎಂಬುದನ್ನು ನೀವು ಆಗಲೇ ಓದಿದ್ದೀರಿ, ಮರೆತಿದ್ದೀರಿ ಅಷ್ಟೆ. ಕೊನೆಯ ಪುಟ ಮುಗಿದ ಕೂಡಲೇ, ಪುಸ್ತಕ ಮುಚ್ಚದೆ, 1 ಮತ್ತು 2ನೇ ಅಧ್ಯಾಯಗಳಿಗೆ ಹಿಂದಿರುಗಿ. ಕಾಡು ನುಂಗಿದ ಆ ಪಾಳುಮನೆ ಅಲ್ಲಿದೆ, ಪರದೇಶದ ಹೋಟೆಲಿನಲ್ಲಿ ಗಂಡನಿಗೆ ಇಂಗ್ಲೆಂಡಿನ ಕ್ರಿಕೆಟ್ ಸುದ್ದಿ ಓದಿಹೇಳುತ್ತ ಕೂತ ಅವಳೂ ಅಲ್ಲೇ ಇದ್ದಾಳೆ.